ಗೇರ್‌ಬಾಕ್ಸಿಗೆ ಹಚ್ಚಿದ ಕುಂಕುಮ

ಆಯುಧಪೂಜೆ ಕಳೆದು ನಾಲ್ಕನೆಯ ದಿನ ಬೆಳಿಗ್ಗೆ ಅಪಾರ್ಟ್‌ಮೆಂಟಿನ ವಾಚ್‌ಮನ್ ನಮ್ಮ ಬಾಗಿಲು ತಟ್ಟಿ, "ಅಮ್ಮಾ, ಕಾರು ಕಿಂದ ಎರ್ರಗಾ ಉಂದಿ, ಒಕಸಾರಿ ಚೂಡಂಡಿ" ಎಂದ. ಕಾರಿನ ಕೆಳಗೆ ಏನೋ ಕೆಂಪಗಿದೆ, ಬಂದು ನೋಡಬೇಕಂತೆ. ಒಲೆ ಆರಿಸಿ, ಲಿಫ್ಟಿಗೂ ಕಾಯದೆ ಮೂರು ಮಹಡಿ ಇಳಿದು ಪಾರ್ಕಿಂಗಿಗೆ ಹೋದೆ. ಮುಂದಿನ ಎಡಗಾಲಿಯ ಹಿಂದೆ, ಸಿಮೆಂಟು ನೆಲದ ಮೇಲೆ ಮೂರು ಕೆಂಪು ಹನಿಗಳಿದ್ದವು. ಒಂದೊಂದೂ ಹಣೆಗಿಡುವ ಬೊಟ್ಟಿನಷ್ಟು.

ಅದು ಪೂಜೆಯ ಕುಂಕುಮ ಎಂದು ಅವನಿಗೆ ತೆಲುಗಿನಲ್ಲಿ ಹೇಳಿದೆ. ಅವನು ತಲೆಯಾಡಿಸಿ ಪೊರಕೆ ತರಲು ಹೋದ. ನಾನು ಬಗ್ಗಿ ಆ ಹನಿಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಬಹುದಿತ್ತು. ಮುಟ್ಟಲಿಲ್ಲ.

ನಾನು ಹುಟ್ಟು ಪುಕ್ಕಲಿ. ಕುಕ್ಕರಿನ ಸೀಟಿ ಸ್ವಲ್ಪ ತಡವಾದರೆ ಅಡುಗೆಮನೆ ಬಿಟ್ಟು ಹಜಾರಕ್ಕೆ ಬಂದು ನಿಲ್ಲುವ ಹೆಂಗಸು. ಅಂಥವಳು ಐವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿತೆನೆಂದರೆ ನನ್ನ ತವರಿನವರು ಇಂದಿಗೂ ನಂಬುವುದಿಲ್ಲ. ಕಲಿಯದೆ ಬೇರೆ ದಾರಿ ಇರಲಿಲ್ಲ, ಅಷ್ಟೇ.

ನಾವು ವಿಜಯಪುರದ ಕಡೆಯವರು. ಮದುವೆಯಾದ ವರ್ಷ ಹೈದರಾಬಾದಿಗೆ ಬಂದವರು ಇಲ್ಲೇ ಉಳಿದುಬಿಟ್ಟೆವು. ನಾನು ನಾರಾಯಣಗೂಡದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ನಮ್ಮ ಮನೆಯವರು ಒಂದು ಖಾಸಗಿ ಬಸ್ ಕಂಪನಿಯ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬೇರಿಂಗು, ಬೆಲ್ಟು, ಎಣ್ಣೆಯ ಡ್ರಮ್ಮುಗಳ ನಡುವೆಯೇ ಮೂವತ್ತು ವರ್ಷ ಕಳೆದವರು. ಯಾವ ಎಣ್ಣೆಯನ್ನಾದರೂ ಎರಡು ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು, ಇದು ಇಂಜಿನ್ನಿನದು, ಇದು ಗೇರಿನದು ಎಂದು ಹೇಳಿಬಿಡುವರು. ಕಣ್ಣು ಚೆನ್ನಾಗಿದ್ದಾಗಲೂ ಹಾಗೆಯೇ ಹೇಳುತ್ತಿದ್ದರು.

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗಿಳಿಯಿತು. ಅದನ್ನು ಅವರು ನನಗೆ ಹೇಳಲಿಲ್ಲ. ಸುಮಾರು ಒಂದು ವರ್ಷ ನಮ್ಮ ಹಳೆಯ ಕಾರನ್ನು ಹಾಗೆಯೇ ಓಡಿಸಿದರು. ಆದರೆ ಸಂಸಾರದಲ್ಲಿ ಏನು ತಾನೇ ಮುಚ್ಚಿಡಲಾಗುತ್ತದೆ? ಸಿಗ್ನಲ್ ಹಸಿರಾದರೂ ನಿಂತೇ ಇರುತ್ತಿದ್ದರು, ಹಿಂದಿನವರು ಹಾರ್ನ್ ಹೊಡೆದ ಮೇಲೆ ಹೊರಡುತ್ತಿದ್ದರು. ಗೊತ್ತಾದ ದಿನದಿಂದ ಅವರು ಎಲ್ಲಿಗೆ ಹೊರಟರೂ ನಾನೂ ಒಂದು ಕೈಚೀಲ ಹಿಡಿದು ಹೊರಡತೊಡಗಿದೆ. ಪಕ್ಕದಲ್ಲಿ ಕೂತು, ಸುಮ್ಮನೆ ಹರಟೆ ಹೊಡೆಯುವವಳ ಹಾಗೆ, "ಅಯ್ಯ, ಕೆಂಪು ಬಿತ್ತು ನೋಡ್ರಿ", "ಈ ಸ್ಕೂಟರಿನವ ಹೆಂಗ ಅಡ್ಡ ಬಂದ ನೋಡ್ರಿ" ಎನ್ನುತ್ತಿದ್ದೆ. ಜೀವ ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದೆ. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಮಾತ್ರ ಅನ್ನಲಾಗಲಿಲ್ಲ. ಒಂದು ದಿನ ಪಾರ್ಕಿಂಗಿನ ಕಂಬಕ್ಕೆ ಬಾಗಿಲು ಉಜ್ಜಿತು. ಅವರು ಇಳಿದರು, ಗೀಚಿದ ಜಾಗವನ್ನು ಕೈಯಿಂದ ಸವರಿದರು, ಕೀಲಿಯನ್ನು ನನ್ನ ಕೈಗಿಟ್ಟರು. ಆ ವಿಷಯ ಅಲ್ಲಿಗೇ ಮುಗಿಯಿತು. ಮತ್ತೆ ನಾವಿಬ್ಬರೂ ಅದನ್ನು ಎತ್ತಲಿಲ್ಲ.

ಮನೆ ಇರುವುದು ಮಿಯಾಪುರದಲ್ಲಿ, ಮೆಟ್ರೋ ಹತ್ತಿರವೇ ಇದೆ. ನಾನು ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತೇನೆ. ಅವರನ್ನೂ ಒಮ್ಮೆ ಕರೆದುಕೊಂಡು ಹೋದೆ. ಅಮೀರ್‌ಪೇಟ್‌ನಲ್ಲಿ ಗಾಡಿ ಬದಲಿಸುವಾಗ ಎಸ್ಕಲೇಟರಿನ ಮೇಲೆ ಹಿಂದಿನಿಂದ ಜನ ನುಗ್ಗಿ, ಅವರು ಮಂಡಿಯೂರಿ ಬಿದ್ದರು. ಎದ್ದ ಮೇಲೆ ನನ್ನ ತೋಳು ಹಿಡಿದುಕೊಂಡ ರೀತಿ ನನಗೆ ಮರೆಯಲಾಗದು. ಅವರೂ ಹೆದರಬಲ್ಲರು ಎಂದು ಅವತ್ತೇ ನನಗೆ ಗೊತ್ತಾದದ್ದು. ತಿಂಗಳಿಗೊಮ್ಮೆ ಕಣ್ಣಿನ ಆಸ್ಪತ್ರೆಗೆ ಹೋಗಿ ಒಂದೇ ಕಣ್ಣಿನಲ್ಲಿ ಉಳಿದಿರುವ ಒಂದಿಷ್ಟು ದೃಷ್ಟಿಗಾಗಿ ಇಂಜೆಕ್ಷನ್ ಹಾಕಿಸಬೇಕು. ಹಳೆಯದನ್ನು ಕೊಟ್ಟು ಕ್ಲಚ್ ಇಲ್ಲದ, ಗೇರು ತಾನೇ ಬದಲಾಗುವ ಕಾರು ತಂದೆವು. ನಾನು ಕಲಿತೆ.

ಕಲಿತ ಮೇಲೆ ಒಂದು ವಿಚಿತ್ರವಾಯಿತು. ಎಲ್ಲದಕ್ಕೂ ಹೆದರುವ ನನಗೆ ಆ ಸ್ಟೀರಿಂಗಿನ ಹಿಂದೆ ಕೂತಾಗ ಮಾತ್ರ ನಾನೂ ಒಂದು ಮನುಷ್ಯಜೀವ ಅನ್ನಿಸುತ್ತಿತ್ತು. ಪುಣೆಯಲ್ಲಿರುವ ಮಗಳು ಪ್ರತಿ ಭಾನುವಾರ ಫೋನಿನಲ್ಲಿ, "ಅವ್ವಾ, ಈ ವಯಸ್ಸಿನ್ಯಾಗ ನಿಂಗ್ಯಾಕ ಬೇಕದು? ಮಾರಿಬಿಡ್ರಿ. ಇನ್ನೊಮ್ಮೆ ಏನರ ತೊಂದ್ರಿ ಬಂತಂದ್ರ ನಾನೇ ಬಂದು ಮಾರ್ತೀನಿ" ಎನ್ನುತ್ತಿದ್ದಳು. ತಮಾಷೆಗೆ ಅನ್ನುತ್ತಿರಲಿಲ್ಲ. ಅವಳ ಹಟ ಅವರಪ್ಪನದೇ. ಹಾಗಾಗಿ ಕಾರಿಗೆ ಏನಾದರೂ ಆದೀತೆಂಬ ಭಯ ನನ್ನೊಳಗೆ ಸದಾ ಇತ್ತು.

ಇನ್ನು ಆ ಕುಂಕುಮದ ಕಥೆ. ಉಳಿದವರು ಆಯುಧಪೂಜೆಯ ದಿನ ಕಾರಿನ ಮುಖಕ್ಕೆ ಹೂವು ಹಾಕಿ, ಗಾಲಿಗೆ ನಿಂಬೆಹಣ್ಣಿಟ್ಟು ಸುಮ್ಮನಾಗುತ್ತಾರೆ. ನಮ್ಮ ಮನೆಯವರದು ವರ್ಕ್‌ಶಾಪಿನ ಪದ್ಧತಿ. "ಮಾರಿಗೆ ಹಚ್ಚಿ ಬಿಟ್ರ ಅದೇನ್ ಪೂಜೆ? ದುಡಿಯೂದು ಹೊಟ್ಟಿ. ಹೊಟ್ಟಿಗೆ ಹಚ್ಚಬೇಕು" ಎನ್ನುವವರು. ಅಲ್ಲಿ ಇಂಜಿನ್ನು, ಗೇರ್‌ಬಾಕ್ಸು, ಜಾಕು, ನಟ್ಟು ತಿರುಗಿಸುವ ಪಾನಾ ಯಾವುದನ್ನೂ ಬಿಡದೆ ಅರಿಶಿಣ ಕುಂಕುಮ ಕಲಸಿ ಬಳಿಯುತ್ತಿದ್ದರಂತೆ. ಈ ಸಲವೂ ನಾನು ಬಾನೆಟ್ ಎತ್ತಿ ಹಿಡಿದೆ. ಅವರು ಬಟ್ಟಲಿನಲ್ಲಿ ನೀರು ಹಾಕಿ ಕಲಸಿದ ಅರಿಶಿಣ ಕುಂಕುಮವನ್ನು ಬೆರಳಿನಲ್ಲಿ ತೆಗೆದು, ತೋಳು ಹೋಗುವಷ್ಟು ದೂರ ಒಳಗೆ ಕೈ ಇಳಿಸಿ, ತಡಕಿ ತಡಕಿ ಹಚ್ಚಿದರು. ಕಾಣದ್ದರಿಂದ ಒಂದಕ್ಕೆ ಮೂರು ಕಡೆ ಹಚ್ಚಿದರು. ಗೇರ್‌ಬಾಕ್ಸಿನ ಮೇಲಂತೂ ಅಂಗೈಯಗಲ.

ಈಗ ಹೇಳಿ, ನಾಲ್ಕು ದಿನದ ಮೇಲೆ ಅದೇ ಜಾಗದ ಕೆಳಗೆ ಕೆಂಪು ಬಿದ್ದರೆ ಯಾರಾದರೂ ಏನೆಂದುಕೊಳ್ಳುತ್ತಾರೆ? ಎರಡನೆಯ ವರ್ಷ ಒಮ್ಮೆ ಇಂಜಿನ್ನಿನ ಮೇಲುಮುಚ್ಚಳದ ಗ್ಯಾಸ್ಕೆಟ್ಟಿನಿಂದ ಎಣ್ಣೆ ಜಿನುಗಿತ್ತು. ಡೀಲರ್‌ನವರು ತಕರಾರಿಲ್ಲದೆ ವಾರಂಟಿಯಲ್ಲಿ ಬದಲಿಸಿ ಕೊಟ್ಟಿದ್ದರು. ಆ ಎಣ್ಣೆ ಕಷಾಯದಂತೆ ಕಂದು ಬಣ್ಣಕ್ಕಿತ್ತು. ಎಣ್ಣೆಯೆಂದರೆ ಕಂದು, ಕೆಂಪೆಂದರೆ ಕುಂಕುಮ ಎಂದು ನನ್ನ ತಲೆಯಲ್ಲಿ ಕೂತಿತ್ತು.

ಮೇಲೆ ಬಂದು ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟರು.

"ಗೇರಿನ ಎಣ್ಣಿನೂ ಕೆಂಪೇ ಇರ್ತೈತಿ. ಮುಟ್ಟಿ ನೋಡಿದೇನು? ಜಿಡ್ಡ ಇತ್ತೇನು?"

"ಮುಟ್ಟೀನ್ರಿ. ಜಿಡ್ಡಿಲ್ಲ, ಬರೇ ನೀರು," ಎಂದೆ.

ಅದು ನನ್ನ ಮೊದಲ ಸುಳ್ಳು. ಯಾಕೆ ಹೇಳಿದೆನೋ ದೇವರಿಗೇ ಗೊತ್ತು. ಬಾಯಿ ನನಗಿಂತ ಮುಂಚೆ ಹೆದರಿತ್ತು.

"ಆದ್ರೂ ಒಮ್ಮೆ ತೋರಿಸೂಣು. ವಾರಂಟಿ ಮುಗಿಯಾಕ ಬಂದೈತಿ. ಮತ್ತ ಬಾಯಿಮಾತಿನ್ಯಾಗ ಹೇಳಿ ಬರಬ್ಯಾಡ. ಜಾಬ್ ಕಾರ್ಡಿನ ಮ್ಯಾಲೆ ಬರಸ್ಕೊ. ಬರೀದ ದೂರು ದೂರೇ ಅಲ್ಲ," ಎಂದರು.

ವಾರಂಟಿಗೆ ಇನ್ನು ಹನ್ನೆರಡು ದಿನವಿತ್ತು. ಡೀಲರ್‌ನ ಸರ್ವಿಸ್ ಸೆಂಟರಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ನೆಲ ಜಾರುತ್ತದೆ, ಸರ್ ಅವರಿಗೆ ಕಣ್ಣು ಸರಿಯಿಲ್ಲ ಎಂದು ಹೇಳಿ ಎಸಿ ಕೋಣೆಯಲ್ಲಿ ಕೂರಿಸಿದರು. ನಾನೊಬ್ಬಳೇ ಹೋದೆ. ಕಾರನ್ನು ಲಿಫ್ಟಿನ ಮೇಲೆ ಏರಿಸಿದ್ದರು. ಅದು ಎಲ್ಲಿ ತಲೆಯ ಮೇಲೆ ಬೀಳುತ್ತದೋ ಎಂದು ನಾನು ಗೋಡೆಗೆ ಅಂಟಿ ನಿಂತೆ. ಇಸ್ತ್ರಿ ಮಾಡಿದ ಅಂಗಿಯ ಅಡ್ವೈಸರ್ ಒಂದು ಬಿಳಿ ಬಟ್ಟೆಯಿಂದ ಗೇರ್‌ಬಾಕ್ಸನ್ನು ಒರೆಸಿ ತೋರಿಸಿದ. ಕೆಂಪು, ಅದರೊಳಗೆ ಅಲ್ಲಲ್ಲಿ ಅರಿಶಿಣ.

"ಟೆನ್ಷನ್ ನಕ್ಕೋ ಮೇಡಮ್, ಪೂಜಾ ಕಾ ಕುಂಕುಮ್ ಹೈ," ಚಿಂತೆ ಬೇಡ, ಪೂಜೆಯ ಕುಂಕುಮ ಎಂದು ನಕ್ಕ. ದಸರಾ ಆದ ಮೇಲೆ ವಾರವೆಲ್ಲ ಇಂಥ ಗಾಡಿಗಳು ಬರುತ್ತಲೇ ಇರುತ್ತವಂತೆ. ಪಕ್ಕದ ಮೆಕ್ಯಾನಿಕ್ಕುಗಳೂ ಬಂದು ನೋಡಿ ನಕ್ಕರು. ಗೇರ್‌ಬಾಕ್ಸಿಗೆ ಇಷ್ಟೊಂದು ಭಕ್ತಿ ಮಾಡಿದವರನ್ನು ಅವರು ಕಂಡಿರಲಿಲ್ಲವಂತೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನೂ ಅವರ ಜೊತೆ ನಕ್ಕೆ. ನನ್ನ ಎದೆಯ ಮೇಲಿನ ಬಂಡೆ ಇಳಿದಿತ್ತು. ಗೇರಿನ ಎಣ್ಣೆ ಎಷ್ಟಿದೆ ಎಂದು ನೋಡುವಿರಾ ಎಂದು ಕೇಳಿದ್ದಕ್ಕೆ, ಅದು ಜೀವಮಾನದ ಎಣ್ಣೆ, ನೋಡುವುದೂ ಬೇಡ ಬದಲಿಸುವುದೂ ಬೇಡ ಎಂದ. ಪೈಪಿನಿಂದ ಜೋರು ನೀರು ಹೊಡೆದು ತೊಳೆದರು.

ಬರೆದು ಕೊಡಿ ಎಂದಾಗ ಅವನ ನಗು ನಿಂತಿತು. ಇಲ್ಲದ ದೂರನ್ನು ಏನೆಂದು ಬರೆಯುವುದು ಎಂದ. ನನಗೆ ಹೆದರಿಕೆ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ. ಹೊರಗೆ ಕೂತವರ ಮಾತು ಕಿವಿಯಲ್ಲಿತ್ತು. ಬರೆಯುವ ತನಕ ಕೀಲಿ ತೆಗೆದುಕೊಳ್ಳುವುದಿಲ್ಲ ಎಂದು ಅವನ ಮೇಜಿನ ಮುಂದೆ ನಿಂತೆ. ಕೊನೆಗೆ ಜಾಬ್ ಕಾರ್ಡಿನ ಮೇಲೆ ಬರೆದ: ಗಿರಾಕಿಯ ದೂರು, ಗೇರ್‌ಬಾಕ್ಸಿನ ಕೆಳಗೆ ಕೆಂಪು ಸೋರಿಕೆ. ಪರೀಕ್ಷೆಯಲ್ಲಿ ಕಂಡದ್ದು, ಪೂಜೆಯ ಕುಂಕುಮ. ತೊಳೆದು ಕೊಟ್ಟಿದೆ. ಕೆಳಗೆ ಸಹಿ, ಮೊಹರು.

ವಿಷಯ ಕೇಳಿ ನಮ್ಮ ಮನೆಯವರು, "ಜೀವಮಾನದ ಎಣ್ಣಿ? ಯಾರ ಜೀವಮಾನ?" ಎಂದರು. ಮನೆಗೆ ಬಂದ ಮೇಲೆ ಒಂದು ರಟ್ಟಿನ ಡಬ್ಬಿ ಬಿಚ್ಚಿ ಕಾರಿನ ಕೆಳಗೆ ಹಾಸಲು ಹೇಳಿದರು. "ನೀರಾದ್ರ ಆರಿ ಹೋಗ್ತೈತಿ. ಎಣ್ಣಿ ಆದ್ರ ರಟ್ಟು ಕುಡೀತೈತಿ, ಹೋಗಂಗಿಲ್ಲ. ದಿನಾ ನೋಡಿ ಹೇಳು."

ಒಂಬತ್ತು ದಿನ ರಟ್ಟು ಒಣಗಿತ್ತು. ಹತ್ತನೆಯ ದಿನ ಬೆಳಿಗ್ಗೆ ಅದರ ಮೇಲೆ ಒಂದು ಕೆಂಪು ಹನಿ ಇತ್ತು. ಈ ಸಲ ಮುಟ್ಟಿದೆ. ಬೆರಳು ಜಾರಿತು. ಸೀರೆಯ ಸೆರಗಿಗೆ ಒರೆಸಿಕೊಂಡೆ, ಎರಡು ಸಲ ಒಗೆದರೂ ಹೋಗಲಿಲ್ಲ. ವಾರಂಟಿಗೆ ಎರಡು ದಿನವಿತ್ತು. ಹೋಗಬಹುದಿತ್ತು. ಆದರೆ ಹೋದರೆ ಗೇರ್‌ಬಾಕ್ಸ್ ಬಿಚ್ಚುತ್ತಾರೆ, ವಾರಗಟ್ಟಲೆ ಕಾರು ಅಲ್ಲೇ ಇರುತ್ತದೆ, ಭಾನುವಾರ ಮಗಳಿಗೆ ಗೊತ್ತಾಗುತ್ತದೆ, ಅವಳು ಬಂದು ಮಾರುತ್ತಾಳೆ. ಮುಟ್ಟಿ ನೋಡಿದೆ, ಜಿಡ್ಡಿಲ್ಲ ಎಂದಿದ್ದೆನಲ್ಲ, ಆ ಸುಳ್ಳೂ ಬಯಲಾಗುತ್ತದೆ. ಕಣ್ಣಿಲ್ಲದವರಿಗೆ ಕಣ್ಣಾಗಿರಬೇಕಾದವಳು ಕಂಡದ್ದನ್ನು ಮುಚ್ಚಿಟ್ಟಳು ಎಂದರೆ ಅವರು ನನ್ನ ಪಕ್ಕದಲ್ಲಿ ಮತ್ತೆ ಕೂರುತ್ತಾರೆಯೇ? ಒಂದೇ ಹನಿ ತಾನೇ, ನಿಂತೀತು ಎಂದು ನನಗೆ ನಾನೇ ಹೇಳಿಕೊಂಡೆ. ಆ ರಟ್ಟನ್ನು ಮಡಿಸಿ ಕಸದ ಡಬ್ಬಿಗೆ ಹಾಕಿ ಹೊಸದು ಹಾಸಿದೆ.

"ರಟ್ಟು ಹೆಂಗೈತಿ?" ಎಂದು ಕೇಳಿದರು.

"ಒಣಗೇ ಐತ್ರಿ."

ಎರಡು ದಿನ ಕಳೆದು ವಾರಂಟಿ ಮುಗಿಯಿತು. ಹನಿ ನಿಲ್ಲಲಿಲ್ಲ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ನಾನು ಎರಡು ದಿನಕ್ಕೊಮ್ಮೆ ರಟ್ಟು ಬದಲಿಸುತ್ತಿದ್ದೆ. ಕಿರಾಣಿ ಅಂಗಡಿಯವನು ನಿಮ್ಮ ಮನೆಗೆ ಇಷ್ಟು ಡಬ್ಬಿ ಯಾಕೆ ಎಂದು ಕೇಳತೊಡಗಿದ.

ಭಯ ಎಂದರೆ ಏನೆಂದು ಆ ಮೂರು ವಾರಗಳಲ್ಲಿ ನನಗೆ ಅರ್ಥವಾಯಿತು. ಗೇರಿನ ಕಡ್ಡಿಯನ್ನು ಮುಂದಕ್ಕೆ ಹಾಕಿದರೆ ಕಾರು ಮೊದಲಿನಂತೆ ಕೂಡಲೇ ಎಳೆಯುತ್ತಿರಲಿಲ್ಲ. ಒಂದು ಕ್ಷಣ ಯೋಚಿಸಿ, ಆಮೇಲೆ ಧಡ್ ಎಂದು ಜಿಗಿಯುತ್ತಿತ್ತು. ಆಫೀಸಿನಲ್ಲಿ ಮಕ್ಕಳ ಅರ್ಜಿಗಳಿಗೆ ಮೊಹರು ಹೊಡೆಯುವಾಗ ಆ ಕೆಂಪು ಶಾಯಿಯನ್ನು ನೋಡಲಾಗುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಕನಸಿನಲ್ಲಿಯೂ ನಾನು ರಟ್ಟು ಬದಲಿಸುತ್ತಿದ್ದೆ.

ಅದರ ಮೇಲೆ ನಮ್ಮ ಮನೆಯವರಿಗೆ ಹೊಸದೊಂದು ಚಟ ಹತ್ತಿತು. ಮೊದಲು ಆಸ್ಪತ್ರೆಗೆ ಬಿಟ್ಟರೆ ಎಲ್ಲಿಗೂ ಬರಲೊಲ್ಲದವರು, ಈಗ ನಾನು ತರಕಾರಿಗೆ ಹೊರಟರೂ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದರು. "ಗಾಳಿ ಬೇಕಾಗೈತಿ, ಬರ್ತೀನಿ" ಎನ್ನುವರು. ಕಾರಿನಲ್ಲಿ ರೇಡಿಯೋ ಹಚ್ಚಿದರೆ, "ಬಂದ್ ಮಾಡು, ತಲಿ ನೋವು" ಎನ್ನುವರು. ಬಲಗೈಯನ್ನು ನಮ್ಮಿಬ್ಬರ ನಡುವಿನ ಹ್ಯಾಂಡ್‌ಬ್ರೇಕಿನ ಮೇಲೆ ಇಟ್ಟುಕೊಂಡು ಕೂರುವರು. ನನ್ನ ಓಡಿಸುವಿಕೆಯ ಮೇಲೆ ನಂಬಿಕೆ ಹೋಗಿದೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ಒಂದು ದಿನ ಸಿಟ್ಟು ತಡೆಯದೆ, "ನಾ ಏನ್ ನಿಮ್ಮನ್ನ ಹಳ್ಳಕ್ಕ ಹಾಕ್ತೀನೇನ್ರಿ? ಕೈ ತಗೀರಿ" ಎಂದೆ. ಅವರು ತೆಗೆಯಲಿಲ್ಲ. ಇನ್ನೊಂದು ದಿನ ಅವರ ಬೆರಳಿನ ಉಗುರಿನ ಸಂದಿಯಲ್ಲಿ ಕೆಂಪು ಕಂಡಿತು. ದೇವರ ಮನೆಯ ಕುಂಕುಮ ಇರಬೇಕೆಂದುಕೊಂಡೆ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಇಂಜೆಕ್ಷನ್ನಿನ ದಿನ ಬಂತು. ಕ್ಯಾಬಿನಲ್ಲಿ ಹೋಗೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಕಾರು ತೆಗೆದೆ. ಹೋಗುವಾಗ ಏನೂ ಆಗಲಿಲ್ಲ. ವಾಪಸ್ಸು ಬರುವಾಗ ಮಧ್ಯಾಹ್ನದ ಮೂರು ಗಂಟೆ. ಇದ್ದೊಂದು ಕಣ್ಣಿಗೂ ಪಟ್ಟಿ ಕಟ್ಟಿದ್ದರು. ಅವರು ಪೂರ್ತಿ ಕತ್ತಲೆಯಲ್ಲಿ ನನ್ನ ಪಕ್ಕ ಕೂತಿದ್ದರು, ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ.

ಫ್ಲೈಓವರ್ ಏರುವಾಗ ಅರ್ಧದಲ್ಲಿ ಇಂಜಿನ್ನು ಒಮ್ಮೆಲೇ ಕೂಗಿಕೊಂಡಿತು. ನಾನು ಇನ್ನಷ್ಟು ಒತ್ತಿದೆ. ಕೂಗು ಹೆಚ್ಚಾಯಿತು, ಓಟ ಕಡಿಮೆಯಾಯಿತು. ಸುಟ್ಟ ವಾಸನೆ ಬಂತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀರಿನ ಟ್ಯಾಂಕರ್. ಕಾರು ನಿಂತಿತು. ನಿಂತು, ಹಿಂದಕ್ಕೆ ಜಾರತೊಡಗಿತು. ನನ್ನ ಕಾಲಿಗೆ ಬ್ರೇಕು ಎಲ್ಲಿದೆ ಎನ್ನುವುದೇ ಮರೆತುಹೋಯಿತು. ಮೂರು ವರ್ಷ ಒತ್ತಿದ ಬ್ರೇಕು! ಟ್ಯಾಂಕರಿನ ಹಾರ್ನು, ಅದರ ಎರಡು ದೀಪ, ಅದರ ಹಣೆಯ ಮೇಲಿನ ದಸರೆಯ ಒಣಗಿದ ಮಾಲೆ, ಇಷ್ಟೇ ಕಾಣುತ್ತಿತ್ತು. ನಾನು ಇವರನ್ನು ಕೊಂದೆ ಎಂದುಕೊಂಡೆ.

ಕರ್ ಎಂದು ಹ್ಯಾಂಡ್‌ಬ್ರೇಕ್ ಮೇಲೆದ್ದಿತು. ಎಳೆದವರು ಅವರು.

"ಬ್ರೇಕ್ ಒತ್ತು. ಎಡಗಾಲಿಲೆ ಅಲ್ಲ, ಬಲಗಾಲಿಲೆ. ಹಾಂ. ನಾಲ್ಕೂ ದೀಪ ಹಚ್ಚು. ಅಂಜಬ್ಯಾಡ, ನಾ ಇಲ್ಲೇ ಅದೀನಿ," ಎಂದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮನುಷ್ಯನ ದನಿ ಒಂದಿಷ್ಟೂ ನಡುಗಲಿಲ್ಲ. ಟ್ಯಾಂಕರ್ ನಮ್ಮ ಬಂಪರಿನಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಡ್ರೈವರ್ ಇಳಿದು ಬಂದು ಬಾಯಿಗೆ ಬಂದಂತೆ ಬೈದ. ಬೈಯಲಿ ಅನ್ನಿಸಿತು. ಬೈಯುವುದಕ್ಕೆ ನಾವು ಬದುಕಿದ್ದೆವಲ್ಲ.

ಕಾರನ್ನು ಎತ್ತುವ ಗಾಡಿ ಬಂದು ಅದನ್ನು ಡೀಲರ್ ಬಳಿಗೆ ಒಯ್ದಿತು. ಮರುದಿನ ಇಬ್ಬರೂ ಹೋದೆವು. ಅದೇ ಇಸ್ತ್ರಿ ಅಂಗಿಯ ಅಡ್ವೈಸರ್. ಗೇರ್‌ಬಾಕ್ಸಿನಲ್ಲಿ ಎಣ್ಣೆಯೇ ಉಳಿದಿಲ್ಲ ಮೇಡಮ್, ವಾರಂಟಿ ಮುಗಿದು ಮೂರು ವಾರವಾಗಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದ. ಈ ಸಲ ನಗಲಿಲ್ಲ. ನಾನು ಅಳುವುದೊಂದು ಬಾಕಿ. ನಮ್ಮ ಮನೆಯವರು, "ಆ ಕಾರ್ಡ್ ತಗಿ" ಎಂದರು.

ನಾನು ಕಡತದಿಂದ ಜಾಬ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಅಡ್ವೈಸರ್ ತನ್ನ ಕೈಬರಹವನ್ನು ತಾನೇ ಓದಿದ. ಗೇರ್‌ಬಾಕ್ಸಿನ ಕೆಳಗೆ ಕೆಂಪು ಸೋರಿಕೆ. ಪೂಜೆಯ ಕುಂಕುಮ. ಅವನ ಮುಖ ಇಳಿಯಿತು. ಮ್ಯಾನೇಜರ್ ಬಂದ. ನಮ್ಮ ಮನೆಯವರು ತಮಗೆ ಬರುವ ಹೈದರಾಬಾದಿ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ದೂರು ಕೊಟ್ಟಾಗ ವಾರಂಟಿ ಜೀವಂತವಿತ್ತು, ನೀವು ಒರೆಸಿದ ಬಟ್ಟೆಯಲ್ಲಿ ಕುಂಕುಮವೂ ಇತ್ತು, ಎಣ್ಣೆಯೂ ಇತ್ತು, ನೀವು ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟಿರಿ. ಕುಂಕುಮ ಹಚ್ಚಿದವನು ನಾನು, ಆ ತಪ್ಪು ಬೇಕಾದರೆ ನನ್ನದು. ಮ್ಯಾನೇಜರ್ ಕಾರ್ಡನ್ನು ಎತ್ತಿ ಮೊಹರು ನೋಡಿದ. ಕಂಪನಿಯ ಒಪ್ಪಿಗೆ ತರಿಸಬೇಕು, ಕಾಯಿರಿ ಎಂದ.

ಇಪ್ಪತ್ತೆರಡು ದಿನ ಕಾದೆವು. ಗಾಲಿಗೆ ಹೋಗುವ ದಂಡ ಗೇರ್‌ಬಾಕ್ಸಿಗೆ ಸೇರುವಲ್ಲಿ ಒಂದು ರಬ್ಬರ್ ಸೀಲು ಹರಿದಿತ್ತಂತೆ, ಬಳೆಯಷ್ಟೇ ದೊಡ್ಡದು. ಒಪ್ಪಿಗೆ ಬಂತು, ವಾರಂಟಿಯಲ್ಲೇ ಎಲ್ಲ ಸರಿಮಾಡಿದರು. ಆ ದಿನಗಳಲ್ಲಿ ನಾನು ಅವರಿಗೆ ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಮಗಳಿಗೆ ಸರ್ವಿಸಿಗೆ ಬಿಟ್ಟಿದ್ದೇವೆ ಎಂದೆವು, ಇಬ್ಬರೂ ಒಂದೇ ಬಾಯಲ್ಲಿ.

ಕಾರು ತರಲು ಹೋದ ದಿನ, ಡೀಲರ್‌ನ ಅಂಗಳದಲ್ಲಿ ಸೀಟಿನ ಮೇಲೆ ಕೂತವಳಿಗೆ ಕೀಲಿ ತಿರುಗಿಸಲು ಕೈ ಬರಲಿಲ್ಲ. ಗಾಡಿ ಸರಿಯಾಗಿತ್ತು, ನಾನು ಸರಿಯಾಗಿರಲಿಲ್ಲ. ಅವರು ಪಕ್ಕದಲ್ಲಿ ಬೆಲ್ಟು ಹಾಕಿಕೊಂಡು ಸುಮ್ಮನೆ ಕಾಯುತ್ತಿದ್ದರು.

"ನಾ ಸುಳ್ಳ ಹೇಳೀನ್ರಿ," ಎಂದೆ. "ಮೊದಲ್ನೇ ದಿನ ನಾ ಮುಟ್ಟೇ ಇರಲಿಲ್ಲ. ಆಮ್ಯಾಲೆ ರಟ್ಟು ಹಸೀನೇ ಇತ್ತು. ವಾರಂಟಿ ಇನ್ನೂ ಎರಡ ದಿನ ಇತ್ತು. ಗೊತ್ತಿದ್ದೂ ನಿಮ್ಮನ್ನ ಕುಂದ್ರಿಸ್ಕೊಂಡು ತಿರಗಾಡೀನಿ." ಅತ್ತುಬಿಟ್ಟೆ.

ಅವರು, "ಗೊತ್ತೈತಿ" ಎಂದರು.

ವಾರಂಟಿ ಮುಗಿದ ಮೂರು ನಾಲ್ಕು ದಿನಕ್ಕೆ ಗೇರು ಬೀಳುವ ಸಪ್ಪಳ ಬದಲಾದದ್ದು ಅವರ ಕಿವಿಗೆ ಬಿದ್ದಿತ್ತಂತೆ. ಆಮೇಲೆ ದಿನಾ ನಾನು ಸ್ನಾನಕ್ಕೆ ಹೋದಾಗ ಲಿಫ್ಟಿನಲ್ಲಿ ಇಳಿದು, ವಾಚ್‌ಮನ್‌ನ ಕೈ ಹಿಡಿದು ಕಾರಿನ ತನಕ ಹೋಗಿ, ಬಗ್ಗಿ ರಟ್ಟನ್ನು ಮುಟ್ಟಿ ನೋಡುತ್ತಿದ್ದರಂತೆ. ಉಗುರಿನ ಕೆಂಪು ದೇವರ ಮನೆಯದಾಗಿರಲಿಲ್ಲ.

"ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ದಾರಿ ನೋಡಿದೆ. ನಾನೇ ಹೇಳಿದ್ರ ನಿನ್ನ ಕಣ್ಣ ನಂಬಂಗಿಲ್ಲ ಅಂದಂಗ ಆಕ್ಕಿತ್ತು. ಹಿಂಗ ಒಮ್ಮಿಗೇ ಕೈ ಕೊಡ್ತೈತಿ ಅನ್ಕೊಂಡಿರಲಿಲ್ಲ. ನಂದೂ ತಪ್ಪೈತಿ."

ನನಗೆ ಅಳುವಿನ ನಡುವೆಯೇ ಸಿಟ್ಟು ಬಂತು. "ಗೊತ್ತಿದ್ದೂ ಯಾಕ ಕುಂತ್ರಿ ಈ ಗಾಡ್ಯಾಗ? ತರಕಾರಿಗೆ ಹೊಂಟ್ರೂ ಬೆನ್ನ ಹತ್ತಿ ಬಂದ್ರಿ. ಇಬ್ಬರೂ ಕೂಡಿ ಸಾಯಾಕೇನ್ರಿ?"

ಅವರು ತಡಕಿ ನನ್ನ ಕೈ ಹಿಡಿದರು.

"ನನಗ ಕಣ್ಣ ಕಾಣದಾಗ ಒಂದ್ ವರ್ಷ ನೀ ಚೀಲ ಹಿಡಕೊಂಡು ನನ್ನ ಬಾಜೂಕ ಕುಂತಿದ್ದಿ. ಕೆಂಪು ಬಿತ್ತು, ಹಸಿರು ಬಿತ್ತು ಅಂತ ಹೇಳ್ಕೋತ. ಯಾಕ ಕುಂದರ್ತಿ ಅಂತ ನಾ ಕೇಳಿದ್ನೇನು?"

ಅಂಗಳದಲ್ಲಿ ಯಾರೋ ನಮ್ಮ ಹಿಂದೆ ಹಾರ್ನ್ ಹೊಡೆದರು, ದಾರಿಗೆ ಅಡ್ಡ ನಿಂತಿದ್ದೆವು. ಸೆರಗಿನಿಂದ ಮುಖ ಒರೆಸಿಕೊಂಡು ಕೀಲಿ ತಿರುಗಿಸಿದೆ. ಗೇರು ಹಾಕಿದ ಕೂಡಲೇ ಕಾರು ಎಳೆಯಿತು. ಅವರ ಬಲಗೈ ಹ್ಯಾಂಡ್‌ಬ್ರೇಕಿನ ಮೇಲೆ ಬಂದು ಕೂತಿತು, ನಾನು ತೆಗೆಯಿರಿ ಎನ್ನಲಿಲ್ಲ. ಗೇಟು ದಾಟಿ ಮೊದಲ ಸಿಗ್ನಲ್ ಬಂತು.

"ಕೆಂಪು ಬಿದ್ದೈತ್ರಿ," ಎಂದೆ.

"ಹೂಂ. ನಿಲ್ಲು," ಎಂದರು.